ಇತಿಹಾಸ ವಿಭಾಗದ ಶನಿವಾರ: ಉಪನ್ಯಾಸ, ಸಿನಿಮಾ, ಖಾರಮಂಡಕ್ಕಿ

ಚಿತ್ರದುರ್ಗ: ಶನಿವಾರ ಮಧ್ಯಾಹ್ನ ಮೂರು ಗಂಟೆ. ಊರಿನ ಕಾಲೇಜೊಂದರ ಕೊಠಡಿಗಳಿಗೆಲ್ಲ ಒಂದೊಂದಾಗಿ ಬೀಗ ಬೀಳುತ್ತಿದೆ. ಅಟೆಂಡರ್ ಬೀಗದ ಕೈ ಗೊಂಚಲು ಹಿಡಿದು ಕೊನೆಯ ಕೊಠಡಿಯ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ.

"ಇವತ್ತೂ ಐತೇನ್ರಿ ಸಾರ್?"

"ಐತಪ್ಪಾ. ಐದೂವರೆಗೆ ಬಿಟ್ಟುಬಿಡ್ತೀವಿ."

ಅಟೆಂಡರ್ ಗೊಣಗುತ್ತಾರೆ. ಆದರೆ ಮನೆಗೆ ಹೋಗುವುದಿಲ್ಲ. ಒಳಗೆ ಬಂದು ಹಿಂದಿನ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಅದು ಇತಿಹಾಸ ವಿಭಾಗದ ಕೊಠಡಿ. ಗೋಡೆಗೆ ಬಿಳಿ ಪಂಚೆ ಬಿಗಿದಿದ್ದಾರೆ, ಸಿನಿಮಾ ತೋರಿಸುವ ಪರದೆ ಅದೇ. ಮೂಲೆಯಲ್ಲಿ ಒಂದು ಸ್ಟೀಲ್ ಡ್ರಮ್ಮಿನಲ್ಲಿ ಕುಡಿಯುವ ನೀರು, ಪಕ್ಕದಲ್ಲಿ ಒಂದು ಚೀಲ ಮಂಡಕ್ಕಿ. ಬಾಗಿಲ ಹೊರಗೆ ಸುಣ್ಣದ ಕಡ್ಡಿಯಲ್ಲಿ ಬರೆದ ಹಲಗೆ: "ಸಾರ್ವಜನಿಕರಿಗೂ ಪ್ರವೇಶ ಉಂಟು. ಶುಲ್ಕವಿಲ್ಲ."

ಮೊದಮೊದಲು ಈ ಹಲಗೆ ನೋಡಿ ಯಾರೂ ಒಳಗೆ ಬರಲಿಲ್ಲ. ಕಾಲೇಜು ಅಂದರೆ ಓದುವವರ ಜಾಗ, ಅಂಗಡಿಯವರಿಗೆ ಅಲ್ಲೇನು ಕೆಲಸ ಅಂತ ಜನ ಸುಮ್ಮನಿದ್ದರು. ಈಗ ಹಾಗಿಲ್ಲ. ಲಕ್ಷ್ಮೀ ಬಜಾರಿನ ಬಟ್ಟೆ ಅಂಗಡಿಯವರು ಮಗನನ್ನು ಗಲ್ಲದ ಮೇಲೆ ಕೂರಿಸಿ ಬರುತ್ತಾರೆ. ಬಸ್‌ಸ್ಟ್ಯಾಂಡಿನಲ್ಲಿ ಬಸ್ಸಿಗೆ ಒಂದೂವರೆ ತಾಸು ಕಾಯಬೇಕಾದವರು "ಅಲ್ಲಾದ್ರೂ ಫ್ಯಾನ್ ಐತೆ" ಅಂತ ಬಂದು, ಬಸ್ಸು ಹೋದರೂ ಕೂತವರಿದ್ದಾರೆ.

ಗಲ್ಲಾಪೆಟ್ಟಿಗೆ ಮತ್ತು ರೋಮಿನ ಕಾಸು

ಒಂದು ಶನಿವಾರದ ಉಪನ್ಯಾಸ ಚಂದ್ರವಳ್ಳಿಯ ಮೇಲೆ. ದುರ್ಗದವರಿಗೆ ಚಂದ್ರವಳ್ಳಿ ಅಂದರೆ ಗೊತ್ತೇ ಇದೆ. ಬೆಟ್ಟದ ಹಿಂದಿನ ಕಣಿವೆ, ಕೆರೆ, ಅಂಕಲಿ ಮಠದ ಗುಹೆ, ಭಾನುವಾರ ಬುತ್ತಿ ಕಟ್ಟಿಕೊಂಡು ಹೋಗುವ ಜಾಗ. ಆದರೆ ಕಾಲ ಕೆಳಗೆ ಏನಿತ್ತು ಅನ್ನುವುದು ಬುತ್ತಿ ಬಿಚ್ಚಿದವರಿಗೆಲ್ಲ ಗೊತ್ತಿಲ್ಲ.

ಮೈಸೂರು ಪ್ರಾಚ್ಯವಸ್ತು ಇಲಾಖೆಯ ಡಾ. ಎಂ.ಎಚ್. ಕೃಷ್ಣ 1929ರ ಸುಮಾರಿಗೆ ಇಲ್ಲಿ ಅಗೆಸಿದರು. ಆಮೇಲೆ 1947ರಲ್ಲಿ, ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಗುಂಡಿ ತೆಗೆಸಿದರು. ಸಿಕ್ಕಿದ್ದು ಚಿನ್ನದ ಕೊಪ್ಪರಿಗೆಯಲ್ಲ. ಮಡಕೆ ಚೂರು, ಶಾತವಾಹನರ ಕಾಲದ ಸೀಸದ ನಾಣ್ಯ, ಮತ್ತು ರೋಮಿನ ದೊರೆ ಟೈಬೀರಿಯಸ್‌ನ ಬೆಳ್ಳಿ ನಾಣ್ಯ. ಟೈಬೀರಿಯಸ್ ಆಳಿದ್ದು ಕ್ರಿ.ಶ. 14ರಿಂದ 37ರವರೆಗೆ. ಅಂದರೆ ಎರಡು ಸಾವಿರ ವರ್ಷದ ಹಿಂದೆ ಸಮುದ್ರದಾಚೆಯ ದುಡ್ಡು ಈ ಕಣಿವೆವರೆಗೆ ನಡೆದು ಬಂದಿತ್ತು.

ಒಂದು ಕಾಸಿನಿಂದ ಕಾಲ ಹೇಳುವುದು ಹೇಗೆ? ಮೇಷ್ಟ್ರು ಕಷ್ಟದ ಮಾತು ಬಳಸಲಿಲ್ಲ. "ನಿಮ್ಮ ಅಂಗಡಿಯ ಹಳೇ ಗಲ್ಲಾಪೆಟ್ಟಿಗೆ ಒಂದು ಸಿಕ್ತು ಅಂತಿಟ್ಕೊಳ್ಳಿ. ಅದರಲ್ಲಿ ಹೊಸ ಐನೂರರ ನೋಟೈತೆ. ಹಂಗಾದ್ರೆ ಆ ಪೆಟ್ಟಿಗೆ ಮುಚ್ಚಿದ್ದು 2016ರ ನವೆಂಬರ್‌ಗಿಂತ ಮುಂಚೆ ಅಲ್ಲ. ಆದ್ರೆ ಹಳೇ ನಾಲ್ಕಾಣೆ ಸಿಕ್ಕಿದ್ರೆ? ನಾಲ್ಕಾಣೆ ನಡೀತಿದ್ದ ಕಾಲದ್ದೇ ಪೆಟ್ಟಿಗೆ ಅಂತ ಹೇಳಂಗಿಲ್ಲ. ಹಳೇ ಕಾಸು ಹೊಸ ಪೆಟ್ಟಿಗೇಲೂ ಇರ್ತದೆ." ನಾಣ್ಯವೊಂದು ಸಿಕ್ಕ ಮಣ್ಣಿನ ಪದರ ಆ ನಾಣ್ಯಕ್ಕಿಂತ ಹಳೆಯದಲ್ಲ ಎಂದಷ್ಟೇ ಹೇಳಬಹುದು, ಎಷ್ಟು ಹೊಸದು ಅಂತ ತಿಳಿಯಲು ಮಡಕೆ ಚೂರನ್ನೂ ಕೇಳಬೇಕು ಎಂಬುದು ಇದರ ತಾತ್ಪರ್ಯ.

ಹಿಂದಿನ ಬೆಂಚಿನಿಂದ ಒಂದು ಕೈ ಮೇಲೆದ್ದಿತು. ಬಿಳಿ ಷರಟು, ಹೆಗಲ ಮೇಲೆ ಟವಲ್ಲು. ಚಳ್ಳಕೆರೆ ಕಡೆಯ ಹಳ್ಳಿಯೊಂದರಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟವರು. ಅವರು ಬಂದದ್ದು ಉಪನ್ಯಾಸ ಕೇಳಲಿಕ್ಕಲ್ಲ. ಸೆಕೆಂಡ್ ಪಿಯುಸಿ ಓದುವ ಮಗಳು ಶನಿವಾರ ಶನಿವಾರ ತಡವಾಗಿ ಮನೆಗೆ ಬರುತ್ತಾಳೆ, ಎಲ್ಲಿಗೆ ಹೋಗ್ತಾಳೆ ನೋಡಿಯೇಬಿಡೋಣ ಅಂತ ಹಿಂದೆಯೇ ಬಂದವರು. ಮಗಳು ಮೂರನೇ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದಳು.

"ಸಾರ್, ಆ ಬೆಳ್ಳಿ ಕಾಸಿಗೆ ನಮ್ಮೂರ ವ್ಯಾಪಾರಿ ಬೆಲೆ ಕಟ್ಟಿದ್ದು ಹೆಂಗೆ? ಮ್ಯಾಲಿರೋ ಮುದ್ರೆ ನೋಡಿಯೋ, ತೂಕ ನೋಡಿಯೋ?"

ಕೊಠಡಿ ಒಂದು ಗಳಿಗೆ ಸುಮ್ಮನಾಯಿತು. ಮೇಷ್ಟ್ರು ಸುಣ್ಣದ ಕಡ್ಡಿ ತೆಗೆದುಕೊಂಡು ಆ ಪ್ರಶ್ನೆಯನ್ನು ಇದ್ದದ್ದು ಇದ್ದ ಹಾಗೆ ಹಲಗೆ ಮೇಲೆ ಬರೆದರು. ರೋಮಿನ ನಾಣ್ಯ ಭಾರತದಲ್ಲಿ ದುಡ್ಡಾಗಿ ಚಲಾವಣೆಯಾಯಿತೋ, ಬರೀ ಬೆಳ್ಳಿಯಾಗಿ ತೂಕಕ್ಕೆ ಹೋಯಿತೋ ಎಂಬುದರ ಬಗ್ಗೆ ವಿದ್ವಾಂಸರು ಇವತ್ತಿಗೂ ವಾದ ಮಾಡುತ್ತಾರೆ ಎಂದರು. "ಪುಸ್ತಕ ಓದಿ ಮೂವತ್ತು ವರ್ಷಕ್ಕೆ ಕೇಳೋ ಪ್ರಶ್ನೇನ ನೀವು ತಕ್ಕಡಿ ಹಿಡಿದು ಕೇಳಿದಿರಿ" ಎಂದರು. ಕಿರಾಣಿ ಅಂಗಡಿಯವರು ಟವಲ್ಲಿನಿಂದ ಮುಖ ಒರೆಸಿಕೊಂಡರು. ಮಗಳು ತಲೆ ಎತ್ತಿದಳು.

ಮಯೂರ ಯಾರು?

ಸಿನಿಮಾ ಇರುವ ಶನಿವಾರ ಬೆಂಚು ಸಾಲುವುದಿಲ್ಲ. 1975ರ "ಮಯೂರ" ಹಾಕಿದ ದಿನವಂತೂ ಕಿಟಕಿ ಸರಳು ಹಿಡಿದು ನಿಂತು ನೋಡಿದವರುಂಟು. ದೇವುಡು ನರಸಿಂಹಶಾಸ್ತ್ರಿಗಳ ಕಾದಂಬರಿ ಆಧರಿಸಿದ ಚಿತ್ರ, ರಾಜಕುಮಾರ್ ಕದಂಬ ದೊರೆ. ಪರದೆ ಮೇಲೆ ಅಣ್ಣಾವ್ರು ಬಂದ ಕೂಡಲೇ ಹಿಂದಿನ ಸಾಲಿನಲ್ಲಿ ಶಿಳ್ಳೆ. ಮೇಷ್ಟ್ರು ತಡೆಯಲಿಲ್ಲ. "ಶಿಳ್ಳೆ ಹೊಡೀರಿ, ಆದ್ರೆ ಮುಗಿದ ಮೇಲೆ ಎದ್ದು ಹೋಗಬೇಡಿ" ಎಂಬುದೊಂದೇ ಅವರ ಷರತ್ತು.

ಸಿನಿಮಾದಲ್ಲಿ ಮಯೂರ ತಾನು ರಾಜಕುಮಾರ ಅನ್ನುವುದನ್ನು ಆಮೇಲೆ ತಿಳಿದುಕೊಳ್ಳುವ ಹುಡುಗ. ಆದರೆ ಶಿಕಾರಿಪುರ ತಾಲೂಕು ತಾಳಗುಂದದ ಕಲ್ಲಿನ ಕಂಬ ಬೇರೆ ಕಥೆ ಹೇಳುತ್ತದೆ. ಅದರಲ್ಲಿ ಅವನು ಮಯೂರಶರ್ಮ, ಓದುವ ಬ್ರಾಹ್ಮಣ. ಗುರು ವೀರಶರ್ಮನ ಜತೆ ಕಂಚಿಯ ಘಟಿಕೆಗೆ ಹೆಚ್ಚಿನ ಓದಿಗೆ ಹೋದ. ಅಲ್ಲಿ ಪಲ್ಲವರ ಕುದುರೆ ಸವಾರನೊಂದಿಗೆ ಜಗಳವಾಯಿತು. ದರ್ಭೆ ಹಿಡಿದ ಕೈ ಕತ್ತಿ ಹಿಡಿಯಿತು. ಶ್ರೀಪರ್ವತದ ಕಾಡು ಸೇರಿ ಪಲ್ಲವರಿಗೆ ಕಾಟ ಕೊಟ್ಟ. ಕೊನೆಗೆ ಅವರೇ ರಾಜಿಗೆ ಬಂದು ಸೀಮೆ ಬಿಟ್ಟುಕೊಟ್ಟರು. ಈ ಶಾಸನದ ಸಂಸ್ಕೃತ ಕಾವ್ಯವನ್ನು ಬರೆದ ಕವಿ ಕುಬ್ಜ. ಅದು ಕೆತ್ತಿಸಿದ್ದು ಮಯೂರಶರ್ಮನ ಕಾಲದಲ್ಲಲ್ಲ, ಅವನ ವಂಶದ ಶಾಂತಿವರ್ಮನ ಕಾಲದಲ್ಲಿ, ಅಂದರೆ 5ನೇ ಶತಮಾನದಲ್ಲಿ.

"ಹಂಗಾದ್ರೆ ಸಿನಿಮಾ ಸುಳ್ಳಾ ಸಾರ್?" ಎಂದು ಕಾಲೇಜು ಹುಡುಗನೊಬ್ಬ ಕೇಳಿದ. ದನಿಯಲ್ಲಿ ಕೋಪವೇ ಇತ್ತು.

"ಸುಳ್ಳಲ್ಲ, ಕಥೆ. ಕಂಬಾನೂ ಪೂರ್ತಿ ನಂಬಬೇಡ. ಅದನ್ನ ಬರೆಸಿದವರು ಯಾರು? ಮಯೂರಶರ್ಮನ ಮನೆಯವರೇ. ಹಿರೀಕರ ಬಗ್ಗೆ ಮೊಮ್ಮಕ್ಕಳು ಬರೆಸಿದ್ರೆ ಜಗಳದಲ್ಲಿ ತಪ್ಪು ನಮ್ಮ ತಾತಂದೇ ಅಂತ ಬರೆಸ್ತಾರೇನು?"

ಕೊಠಡಿ ಪೂರಾ ನಕ್ಕಿತು. ಆಸ್ತಿ ಪಾಲಿನ ವ್ಯಾಜ್ಯ ಕೋರ್ಟಿನಲ್ಲಿಟ್ಟುಕೊಂಡ ಹಿರಿಯರೊಬ್ಬರು ಎಲ್ಲರಿಗಿಂತ ಜೋರಾಗಿ ನಕ್ಕರು.

ಮಯೂರಶರ್ಮನದೇ ಹೆಸರಿರುವ ಶಾಸನ ಇರುವುದು ದುರ್ಗದಲ್ಲೇ. ಚಂದ್ರವಳ್ಳಿಯ ಭೈರವೇಶ್ವರ ಗುಡಿಯ ಹತ್ತಿರದ ಬಂಡೆ ಮೇಲೆ. ಬ್ರಾಹ್ಮಿ ಲಿಪಿ, ಮೂರೇ ಸಾಲು. ಡಾ. ಕೃಷ್ಣ ಅವರು ಓದಿದ ಪ್ರಕಾರ ಅದರಲ್ಲಿ ಮಯೂರಶರ್ಮ ಕೆರೆ ಕಟ್ಟಿಸಿದ ಸಂಗತಿಯೂ, ಅವನು ಗೆದ್ದ ನಾಡುಗಳ ದೊಡ್ಡ ಪಟ್ಟಿಯೂ ಇದೆ. ಮುಂದೆ ಬಂದ ಸಂಶೋಧಕರು ಅದೇ ಅಕ್ಷರಗಳನ್ನು ಬೇರೆ ರೀತಿಯಲ್ಲೂ ಓದಿದ್ದಾರೆ. ಗಾಳಿ ಮಳೆಗೆ ಸವೆದ ಅಕ್ಷರ. ಗೆದ್ದ ನಾಡು ಎಷ್ಟು ಅನ್ನುವುದರ ಬಗ್ಗೆ ಜಗಳವಿದೆ, ಕೆರೆಯ ಬಗ್ಗೆ ಜಗಳವಿಲ್ಲ. ಈ ಮಾತನ್ನು ಮೇಷ್ಟ್ರು ಎರಡು ಸಲ ಹೇಳಿದರು.

ಓಬವ್ವನ ಹೆಸರು ಎಲ್ಲಿ ಬರೆದಿದೆ?

"ನಾಗರಹಾವು" ಹಾಕಿದ ದಿನದ ಗದ್ದಲವೇ ಬೇರೆ. 1972ರಲ್ಲಿ ಪುಟ್ಟಣ್ಣ ಕಣಗಾಲರು ತ.ರಾ.ಸು. ಕಾದಂಬರಿಗಳನ್ನು ಇಟ್ಟುಕೊಂಡು ಇದೇ ಕೋಟೆಯಲ್ಲಿ ತೆಗೆದ ಚಿತ್ರ. ವಿಷ್ಣುವರ್ಧನ್ ಏರಿದ ಬಂಡೆ ಯಾವುದು, ಕ್ಯಾಮರಾ ಇಟ್ಟದ್ದು ಎಲ್ಲಿ ಅಂತ ತೋರಿಸುವ ಹಳಬರು ಊರಿನಲ್ಲಿ ಇದ್ದಾರೆ. ಅವರಲ್ಲಿ ಇಬ್ಬರು ಮೂವರನ್ನು ಮೇಷ್ಟ್ರು ಕರೆಸಿ ಮುಂದಿನ ಸಾಲಿನಲ್ಲೇ ಕೂರಿಸಿದ್ದರು. ಸಿನಿಮಾ ಮುಗಿದ ಮೇಲೆ ಉಪನ್ಯಾಸ ಮಾಡಿದ್ದು ಅವರೇ.

ಒನಕೆ ಹಿಡಿದ ಓಬವ್ವನಾಗಿ ಜಯಂತಿ ಪರದೆ ಮೇಲೆ ಬಂದಾಗ ಹೆಣ್ಣುಮಕ್ಕಳ ಬೆಂಚಿನಿಂದ ಚಪ್ಪಾಳೆ ನಿಲ್ಲಲಿಲ್ಲ. ಆಮೇಲೆ ಬಂದ ಪ್ರಶ್ನೆ ನೇರವಾದದ್ದು: ಓಬವ್ವನ ಶಾಸನ ಎಲ್ಲಿದೆ?

ಓಬವ್ವನ ಕಥೆ ಉಳಿದದ್ದು ಜನರ ಬಾಯಲ್ಲಿ, ಕಿಂಡಿಯ ಹೆಸರಿನಲ್ಲಿ. ಕಾವಲುಗಾರನ ಹೆಂಡತಿಗೆ ಶಾಸನ ಕೆತ್ತಿಸುವವರು ಯಾರಿದ್ದರು? ದೊರೆಗೆ ಶಾಸನ, ದಳವಾಯಿಗೆ ಬಖೈರು, ಊಟಕ್ಕೆ ಕೂತ ಗಂಡನ ಬದಲಿಗೆ ನಿಂತವಳಿಗೆ ಜನಪದರ ಹಾಡು. ಬಾಯಿಮಾತನ್ನು ಪರೀಕ್ಷೆ ಮಾಡಿ ತೆಗೆದುಕೊಳ್ಳುವುದು ಒಂದು ವಿದ್ಯೆ, ಬಾಯಿಮಾತು ಅಂತ ಎಸೆಯುವುದು ಸೋಮಾರಿತನ ಎಂಬುದು ವಿಭಾಗದ ನಿಲುವು. ಹುಲ್ಲೂರು ಶ್ರೀನಿವಾಸ ಜೋಯಿಸರಂಥವರು ಹಳೆಯ ಕಾಗದ ಪತ್ರ, ಕಡತ ಹುಡುಕಿ ಕೂಡಿಹಾಕದೆ ಇದ್ದಿದ್ದರೆ ಪಾಳೆಯಗಾರರ ಬಗ್ಗೆ ಈಗ ಗೊತ್ತಿರುವಷ್ಟು ಗೊತ್ತಿರುತ್ತಿರಲಿಲ್ಲ. ತ.ರಾ.ಸು. 1982ರಲ್ಲಿ ತಂದ "ದುರ್ಗಾಸ್ತಮಾನ"ಕ್ಕೆ 1985ರ ಕೇಂದ್ರ ಸಾಹಿತ್ಯ ಅಕಾಡೆಮಿ ಬಹುಮಾನ ಬಂತು. ಅಷ್ಟರಲ್ಲಿ ಅವರು ತೀರಿಕೊಂಡಿದ್ದರು. ಕಾದಂಬರಿಯಲ್ಲಿ ದುರ್ಗ ಅಸ್ತಮಿಸಿದ ವರ್ಷ 1779, ಮದಕರಿ ನಾಯಕ ಹೈದರನಿಗೆ ಸೆರೆಸಿಕ್ಕ ವರ್ಷ. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಮಾಡಿಸುತ್ತಿದೆ. ಬಾಯಿಮಾತು ಸರ್ಕಾರಿ ಕಡತಕ್ಕೆ ಬರಲು ಇನ್ನೂರು ವರ್ಷದ ಮೇಲೆ ಹಿಡಿಯಿತು.

ಸಿನಿಮಾ ತೋರಿಸಿ ಪಾಠ ಹೇಳುವುದು ಹೊಸ ಸಂಗತಿಯೇನಲ್ಲ. ವಾರ್ತಾ ಇಲಾಖೆಯ ಗಾಡಿ ಊರ ಬಯಲಿಗೆ ಬಂದು, 16 ಎಂ.ಎಂ. ಪ್ರೊಜೆಕ್ಟರ್ ಇಳಿಸಿ, ಫಿಲಂಸ್ ಡಿವಿಷನ್ನಿನ ಸಾಕ್ಷ್ಯಚಿತ್ರ ಹಾಕುತ್ತಿದ್ದ ಕಾಲವನ್ನು ಐವತ್ತು ದಾಟಿದವರು ಬಲ್ಲರು. 1988ರಲ್ಲಿ ದೂರದರ್ಶನದಲ್ಲಿ ಶ್ಯಾಂ ಬೆನೆಗಲ್ಲರ "ಭಾರತ್ ಏಕ್ ಖೋಜ್" ಬರಲು ಶುರುವಾದಾಗ ಟಿ.ವಿ. ಇದ್ದವರ ಮನೆ ಮುಂದೆ ಚಪ್ಪಲಿ ರಾಶಿ. ಈಗ ಎಲ್ಲರ ಕೈಯಲ್ಲೂ ಮೊಬೈಲುಂಟು, ಎಲ್ಲ ಸಿನಿಮಾವೂ ಅದರಲ್ಲುಂಟು. ಆದರೆ ಮೊಬೈಲಿನಲ್ಲಿ ನೋಡಿದವನಿಗೆ "ಹಂಗಾದ್ರೆ ಸಿನಿಮಾ ಸುಳ್ಳಾ ಸಾರ್?" ಅಂತ ಕೇಳಲು ಎದುರಿಗೆ ಯಾರೂ ಇರುವುದಿಲ್ಲ.

ನೂರು ಮೀಟರಿನ ಲೆಕ್ಕ

ಪೇಟೆಯ ಜನ ಅತಿ ಹೆಚ್ಚು ಬಂದದ್ದು ಯಾವ ಶನಿವಾರ? ರಾಜಕುಮಾರ್ ಸಿನಿಮಾಕ್ಕಲ್ಲ. ಕಾನೂನಿನ ಉಪನ್ಯಾಸಕ್ಕೆ. ಕೋಟೆಯ ಆಜುಬಾಜಿನಲ್ಲಿ ಮನೆ, ಅಂಗಡಿ ಇದ್ದವರಿಗೆಲ್ಲ ಒಂದೇ ತಲೆನೋವು: "ಒಂದು ಇಟ್ಟಿಗೆ ಇಡಂಗಿಲ್ವಂತೆ, ಹೌದಾ?"

ವಿಷಯ ಹೀಗಿದೆ. ಪ್ರಾಚೀನ ಸ್ಮಾರಕಗಳ ಕಾಯಿದೆ 1958ರದು. ಅದಕ್ಕೆ 2010ರಲ್ಲಿ ದೊಡ್ಡ ತಿದ್ದುಪಡಿಯಾಯಿತು. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅಲ್ಲಿ ಹೊಸ ಕಟ್ಟಡ ಇಲ್ಲ. ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ಪ್ರದೇಶ, ಅಲ್ಲಿ ಅನುಮತಿ ಪಡೆದು ಕಟ್ಟಬಹುದು. ಆದರೆ ನಿಷೇಧಿತ ಪ್ರದೇಶದ ಒಳಗಿದ್ದ ಹಳೆಯ ಮನೆ ಬಿದ್ದುಹೋಗಲಿ ಅಂತ ಕಾಯಿದೆ ಹೇಳಿಲ್ಲ. ಇರುವ ಕಟ್ಟಡದ ದುರಸ್ತಿಗೆ ಸಕ್ಷಮ ಪ್ರಾಧಿಕಾರಕ್ಕೆ ಅರ್ಜಿ ಕೊಡಬಹುದು. ಅದು ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಮುಂದೆ ಹೋಗಿ ಅನುಮತಿ ಬರುತ್ತದೆ. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ.

ಹೆಂಚಿನ ಮನೆಯ ಸೂರು ಸೋರಿ ಮೂರು ಮಳೆಗಾಲ ಬಕೆಟ್ಟು ಇಟ್ಟುಕೊಂಡು ಕೂತಿದ್ದ ಮುದುಕಿಯೊಬ್ಬರು ಮೊಮ್ಮಗನ ಕೈ ಹಿಡಿದು ಬಂದಿದ್ದರು. "ಮುಟ್ಟಿದ್ರೆ ಜೈಲು ಅಂತ ಯಾರೋ ಹೇಳಿದ್ರಪ್ಪ, ಅದಕ್ಕೇ ಹೆಂಚು ಮುಟ್ಟಲಿಲ್ಲ" ಎಂದರು. ವಿಭಾಗದ ಇಬ್ಬರು ವಿದ್ಯಾರ್ಥಿನಿಯರು ಅಲ್ಲೇ ಕೂತು ಅವರ ಅರ್ಜಿಯ ಕರಡು ಬರೆದುಕೊಟ್ಟರು. ಅನುಮತಿ ಸಿಕ್ಕಿತೋ ಇಲ್ಲವೋ ಅದು ಮುಂದಿನ ಮಾತು. ಆದರೆ ಕೇಳಬಹುದು ಎಂಬುದು ಆ ಮನೆಗೆ ಗೊತ್ತಾದದ್ದು ಅವತ್ತು.

ಅದೇ ಕಾಯಿದೆಯ ಇನ್ನೊಂದು ಮಗ್ಗುಲೂ ಅವತ್ತು ಹೊರಬಂತು. ಸ್ಮಾರಕ ಕೆಡಿಸಿದರೂ ಅಷ್ಟೇ ಸಜೆ, ಅಷ್ಟೇ ದಂಡ. ಕೋಟೆ ಗೋಡೆ ಮೇಲೆ ಹೃದಯ ಬರೆದು ಬಾಣ ಬಿಡುವ ಪ್ರೇಮಿಗಳು ಹಿಂದಿನ ಬೆಂಚಿನಲ್ಲಿ ಇದ್ದಿದ್ದರೆ ಕೇಳಿಸಿಕೊಂಡಿರುತ್ತಾರೆ.

ಗುಮಾಸ್ತನ ರುಜು

ಮೊಳಕಾಲ್ಮೂರು ಬಸ್ಸಿಗೆ ಕಾಯುವವರಿಗೆಂದೇ ಇಟ್ಟಂತಿತ್ತು ಬ್ರಹ್ಮಗಿರಿಯ ಉಪನ್ಯಾಸ. ದಿನಾ ಆ ದಾರಿಯಲ್ಲಿ ಓಡಾಡುವವರಲ್ಲಿ ಎಷ್ಟು ಮಂದಿ ಇಳಿದು ನೋಡಿದ್ದಾರೆ? ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ. ಈ ಮೂರೂ ಕಡೆ ಅಶೋಕನ ಶಾಸನಗಳುಂಟು. 1892ರಲ್ಲಿ ಬಿ.ಎಲ್. ರೈಸ್ ಇವನ್ನು ಬೆಳಕಿಗೆ ತಂದರು. ಸುವರ್ಣಗಿರಿಯಲ್ಲಿದ್ದ ರಾಜಕುಮಾರನೂ ಮಹಾಮಾತ್ರರೂ ಇಸಿಲದ ಮಹಾಮಾತ್ರರಿಗೆ ಕಳಿಸಿದ ಆಜ್ಞೆ ಅದು. ಈಗಿನ ಮಾತಿನಲ್ಲಿ ಹೇಳುವುದಾದರೆ ಮೇಲಿನ ಕಚೇರಿಯಿಂದ ಕೆಳಗಿನ ಕಚೇರಿಗೆ ಬಂದ ಸುತ್ತೋಲೆ.

ಸುತ್ತೋಲೆಯ ಕೊನೆಗೆ ಬರೆದವನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿ, ಎಡದಿಂದ ಬಲಕ್ಕೆ. ಆದರೆ ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಅವನು ಖರೋಷ್ಠಿಯಲ್ಲಿ, ಬಲದಿಂದ ಎಡಕ್ಕೆ ಕೆತ್ತಿದ. ಖರೋಷ್ಠಿ ನಡೆಯುತ್ತಿದ್ದದ್ದು ದೂರದ ವಾಯವ್ಯ ಸೀಮೆಯಲ್ಲಿ.

"ಅಲ್ಲಿಂದ ಇಲ್ಲಿಗೆ ಟ್ರಾನ್ಸ್‌ಫರ್ ಆಗಿದ್ನೇನೋ ಪಾಪ!" ಎಂದರು ತಾಲೂಕು ಕಚೇರಿಯ ಗುಮಾಸ್ತರೊಬ್ಬರು. ಅವರ ದನಿಯಲ್ಲಿ ಅನುಭವವಿತ್ತು.

"ಇರಬಹುದು. ಆದ್ರೆ ನಮಗೆ ಗೊತ್ತಿರೋದು ಅವನಿಗೆ ಆ ಲಿಪಿ ಬರ್ತಿತ್ತು ಅಂತ ಮಾತ್ರ. ಅಲ್ಲಿಯವನೇ ಅಂತ ಹೇಳೋಕೆ ಇನ್ನೊಂದು ಸಾಕ್ಷಿ ಬೇಕು" ಎಂದರು ಮೇಷ್ಟ್ರು. ಎರಡು ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಗುಮಾಸ್ತನ ಪರವಾಗಿ ಈ ಕಾಲದ ಗುಮಾಸ್ತರು ಬಸ್ಸು ಹತ್ತುವವರೆಗೂ ವಾದ ಮಾಡುತ್ತಲೇ ಇದ್ದರು.

ಬೆಟ್ಟದ ಮೇಲೆ ಬುತ್ತಿ

ವರ್ಷದ ಕೊನೆಗೆ ಒಂದು ದಿನ ಉಪನ್ಯಾಸವೂ ಇಲ್ಲ, ಸಿನಿಮಾವೂ ಇಲ್ಲ. ಎಲ್ಲರೂ ಸೇರಿ ಕೋಟೆ ಹತ್ತುತ್ತಾರೆ. ಹಾಲಿ ವಿದ್ಯಾರ್ಥಿಗಳು, ಹಳೆ ವಿದ್ಯಾರ್ಥಿಗಳು, ಶನಿವಾರದ ಪೇಟೆಯವರು, ಅವರ ಹೆಂಡತಿ ಮಕ್ಕಳು. ಬುತ್ತಿ ಅವರವರದು, ಖಾರಮಂಡಕ್ಕಿ ವಿಭಾಗದ್ದು, ಮೆಣಸಿನಕಾಯಿ ಬಜ್ಜಿ ಪೇಟೆಯವರ ಲೆಕ್ಕ. ಚಳ್ಳಕೆರೆ ಕಡೆಯವರು ಹುರಿದ ಶೇಂಗಾ ತರದೆ ಬರುವುದಿಲ್ಲ.

ಮೇಲೆ ಹೋದವರಿಗೆ ಒಂದೇ ಕೆಲಸ. ನೀರು ಹೋದ ದಾರಿಯನ್ನು ಹುಡುಕುವುದು. ಕಲ್ಲುಬೆಟ್ಟದ ಮೇಲೆ ಅಷ್ಟು ಜನ, ಕುದುರೆ, ಆನೆ ಬದುಕಿದ್ದು ಹೇಗೆ? ಬಂಡೆ ಮೇಲೆ ಬಿದ್ದ ಮಳೆ ಗೋಪಾಲಸ್ವಾಮಿ ಹೊಂಡಕ್ಕೆ. ಅದು ತುಂಬಿದರೆ ಅಕ್ಕತಂಗಿ ಹೊಂಡಕ್ಕೆ. ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಪೇಟೆಯ ಸಂತೆಹೊಂಡ. ಮೇಲಿನ ಮನೆ ಉಂಡು ಮಿಕ್ಕದ್ದು ಕೆಳಗಿನ ಮನೆಗೆ ಬಂದ ಹಾಗೆ. ಏಳು ಸುತ್ತಿನ ಕೋಟೆಯ ಗೋಡೆ ನೋಡಿ ಬೆರಗಾಗುವವರು ಈ ಹೊಂಡಗಳನ್ನು ನೋಡದೆ ಇಳಿದುಬಿಡುತ್ತಾರೆ. ಗೋಡೆ ಶತ್ರುವನ್ನು ತಡೆದದ್ದು ಯುದ್ಧವಾದಾಗ ಮಾತ್ರ, ಹೊಂಡ ಊರನ್ನು ಬದುಕಿಸಿದ್ದು ದಿನಾ.

ಬರದ ಜಿಲ್ಲೆಗೆ ಇದು ಬರೀ ಹಳೆಯ ಕಥೆಯಲ್ಲ. ಹಿರಿಯೂರು ತಾಲೂಕಿನ ಮಾರಿಕಣಿವೆ, ಅಂದರೆ ವಾಣಿ ವಿಲಾಸ ಸಾಗರ, 1933ರಲ್ಲಿ ತುಂಬಿದ್ದು ಬಿಟ್ಟರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷದ ಮೇಲೆ. ಅವತ್ತು ಜಿಲ್ಲೆಗೆ ಜಿಲ್ಲೆಯೇ ಬಸ್ಸು, ಟ್ರ್ಯಾಕ್ಟರು ಮಾಡಿಕೊಂಡು ಕೋಡಿ ನೋಡಲು ಹೋಯಿತು. ಚಂದ್ರವಳ್ಳಿಯ ಬಂಡೆ ಮೇಲೆ ಮಯೂರಶರ್ಮ ಕೆರೆಯ ಸಂಗತಿಯನ್ನು ಯಾಕೆ ಕೆತ್ತಿಸಿದ ಎಂಬುದು ಆ ಜನರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮುಚ್ಚದಿರಲಿ ಬಾಗಿಲು

ಇಷ್ಟೆಲ್ಲ ಯಾಕೆ? ಕೆಲವರು ಮೇಷ್ಟ್ರನ್ನು ಹೀಗೆಯೇ ಕೇಳಿದ್ದುಂಟು. "ಸಂಬಳ ಬರ್ತದೆ, ಪಾಠ ಹೇಳಿ ಮನೆಗೆ ಹೋಗಬಾರದಾ?"

ಪಾಠ ಕೇಳುವವರು ಇದ್ದರೆ ತಾನೆ? ಬಿ.ಎ.ಗೆ, ಅದರಲ್ಲೂ ಇತಿಹಾಸಕ್ಕೆ, ಬರುವವರು ಕಮ್ಮಿಯಾಗುತ್ತಿದ್ದಾರೆ. ಅಂಕ ಜಾಸ್ತಿ ಬಂದವರು ವಿಜ್ಞಾನಕ್ಕೆ, ಲೆಕ್ಕ ಬಂದವರು ಕಾಮರ್ಸಿಗೆ, ಎಲ್ಲೂ ಸೀಟು ಸಿಗದವರು ಇತಿಹಾಸಕ್ಕೆ ಅನ್ನುವ ಮಾತು ಮನೆಮನೆಯಲ್ಲಿ ಇದೆ. ಹಾಜರಿ ಪುಸ್ತಕ ತೆಳ್ಳಗಾಗುತ್ತಾ ಹೋದರೆ ಒಂದು ದಿನ ಆ ಕೊಠಡಿಯ ಬೀಗವೂ ಶನಿವಾರ ಮೂರು ಗಂಟೆಗೆ ಬೀಳುತ್ತದೆ, ಸೋಮವಾರ ತೆಗೆಯುವವರಿರುವುದಿಲ್ಲ. ವಿಭಾಗದವರು ಹೊರಗೆ ಹಲಗೆ ಇಟ್ಟದ್ದು ಈ ಹೆದರಿಕೆಯಿಂದಲೇ. ಅದನ್ನು ಅವರು ಮುಚ್ಚಿಟ್ಟಿಲ್ಲ.

ಚಳ್ಳಕೆರೆ ಕಡೆಯ ಆ ಕಿರಾಣಿ ಅಂಗಡಿಯವರ ಮಾತೂ ತೆಗೆದುಹಾಕುವಂಥದ್ದಲ್ಲ. ಕಾಸಿನ ಉಪನ್ಯಾಸ ಮುಗಿದ ಮೇಲೆ ಅವರು ಮೇಷ್ಟ್ರ ಹತ್ತಿರ ನಿಂತು ಕೇಳಿದರು. "ನೀವು ಹೇಳಿದ್ದು ಚೆನ್ನಾಗೈತೆ ಸಾರ್. ಆದ್ರೆ ಮಗಳು ಬಿ.ಕಾಂ. ಮಾಡಿದ್ರೆ ಯಾವುದಾದ್ರೂ ಅಂಗಡೀಲಿ ಲೆಕ್ಕ ಬರೆದಾದ್ರೂ ತಿಂತಾಳೆ. ಇದನ್ನ ಓದಿ ಏನು ತಿಂತಾಳೆ?"

ಮೇಷ್ಟ್ರು ದೊಡ್ಡ ಭರವಸೆ ಕೊಡಲಿಲ್ಲ. ಬಿ.ಎಡ್. ಮಾಡಿದರೆ ಮೇಡಂ ಆಗಬಹುದು, ಎಫ್‌ಡಿಎ, ಕೆಎಎಸ್ ಪರೀಕ್ಷೆಯಲ್ಲಿ ಇತಿಹಾಸದ ಪ್ರಶ್ನೆ ಬರುತ್ತವೆ, ಕೋಟೆ ನೋಡಲು ಬರುವವರಿಗೆ ಗೈಡ್ ಆಗಬಹುದು ಎಂದರು. "ಇವೆಲ್ಲ ಆಗಬಹುದು ಅಷ್ಟೆ, ಆಗೇ ಆಗ್ತದೆ ಅಂತ ಹೇಳಿದ್ರೆ ನಾನು ಸುಳ್ಳುಗಾರ. ಆದ್ರೆ ಒಂದು ಮಾತು. ನೀವು ತೂಕ ಕೇಳಿದ್ರಲ್ಲ, ಆ ಪ್ರಶ್ನೆ ನಿಮ್ಮ ಮಗಳು ಮನೇಲಿ ಕಲಿತು ಬಂದಾಳೆ. ಕೇಳೋದು ಬಂದವಳು ಹಸಿದು ಕೂರೋದಿಲ್ಲ."

ಮಗಳು ಆಗ ಬಾಯಿ ಬಿಟ್ಟಳು. "ಅಪ್ಪಾಜಿ, ಲೆಕ್ಕಾನೂ ಕಲೀತೀನಿ. ಸಂಜೆ ಅಂಗಡೀಲಿ ನಾನೇ ಬರೀತೀನಲ್ಲ."

"ನೋಡಾನ" ಎಂದರು ಅಪ್ಪ. ಒಪ್ಪಿಗೆಯೂ ಅಲ್ಲ, ಇಲ್ಲವೆಂದೂ ಅಲ್ಲ. ಆದರೆ ಮುಂದಿನ ಶನಿವಾರ ಮಗಳ ಜತೆ ಅವರೂ ಬಂದರು. ಅದರ ಮುಂದಿನ ಶನಿವಾರ ಪಕ್ಕದ ಅಂಗಡಿಯವರನ್ನೂ ಕರೆತಂದರು. ಅರ್ಜಿ ತುಂಬುವ ಕಾಲ ಇನ್ನೂ ಬಂದಿಲ್ಲ.

ಬಸ್ಸಿನ ಮಾತು

ಒಂದು ಸಣ್ಣ ವಿಷಯ ಉಳಿಯಿತು. ಕಾರ್ಯಕ್ರಮ ಐದೂವರೆಗೆ ಮುಗಿಯಲೇಬೇಕು, ಯಾಕೆಂದರೆ ಹಳ್ಳಿಗಳ ಕಡೆ ಸಂಜೆಯ ಬಸ್ಸು ಯಾರಿಗೂ ಕಾಯುವುದಿಲ್ಲ. 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಶನಿವಾರದ ಬೆಂಚುಗಳಲ್ಲಿ ಹಳ್ಳಿಯ ಹುಡುಗಿಯರು ಹೆಚ್ಚಿದ್ದಾರೆ. ಟಿಕೆಟ್ಟಿನ ದುಡ್ಡಿಗೆ ಅಪ್ಪನ ಕೈ ನೋಡಬೇಕಾಗಿಲ್ಲ. ಆದರೆ ಬಸ್ಸು ತಪ್ಪಿದರೆ ಖಾಸಗಿ ಬಸ್ಸಿಗೆ ಕಾಸು ಕೊಡಬೇಕು, ಕತ್ತಲಾಗುತ್ತದೆ, ಮನೆಯಲ್ಲಿ ಬೈಗುಳ. ಮುಂದಿನ ಶನಿವಾರ ಕಳಿಸುವುದಿಲ್ಲ. ಇತಿಹಾಸ ಅಲ್ಲಿಗೆ ಮುಗಿಯಿತು.

ಪ್ರಶ್ನೆ ಕೇಳುವ ಹೊತ್ತಿಗೆ ಸರಿಯಾಗಿ ಹುಡುಗಿಯರು ಚೀಲ ಹೆಗಲಿಗೆ ಹಾಕಿಕೊಂಡು ಎದ್ದೇಳುತ್ತಾರೆ. ಕೇಳಬೇಕಾದ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದು ಮೇಜಿನ ಮೇಲಿಟ್ಟು ಓಡುತ್ತಾರೆ. ಮೇಷ್ಟ್ರು ಆ ಚೀಟಿಗಳನ್ನು ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಕೂಡಿಹಾಕಿ, ಮುಂದಿನ ವಾರ ಮೊದಲು ಅವಕ್ಕೆ ಉತ್ತರ ಹೇಳಿ ಆಮೇಲೆ ಹೊಸ ಮಾತು ಎತ್ತುತ್ತಾರೆ. ಡಬ್ಬಿ ತುಂಬುತ್ತಾ ಬಂದಿದೆ.

ಸಂಜೆಯ ಬಸ್ಸನ್ನು ಶನಿವಾರ ಒಂದು ದಿನ ಹದಿನೈದು ನಿಮಿಷ ತಡವಾಗಿ ಬಿಟ್ಟರೆ ಯಾರ ಗಂಟೂ ಹೋಗುವುದಿಲ್ಲ. ಸಂಬಂಧಪಟ್ಟವರು ಗಮನಿಸಬೇಕು. ಪೇಟೆಯವರೂ ಗಮನಿಸಬೇಕು. ಶನಿವಾರ ಮೂರು ಗಂಟೆಗೆ ವ್ಯಾಪಾರ ಹೇಗೂ ತಣ್ಣಗಿರುತ್ತದೆ. ಹಲಗೆ ಹೊರಗೇ ಇದೆ, ಶುಲ್ಕವಿಲ್ಲ, ಮಂಡಕ್ಕಿ ಉಂಟು. ಅಟೆಂಡರ್ ಗೊಣಗಿದರೆ ಬೇಜಾರು ಮಾಡಿಕೊಳ್ಳಬೇಡಿ. ಹಿಂದಿನ ಬೆಂಚಿನಲ್ಲಿ ಸ್ವಲ್ಪ ಸರಿದು ಅವರಿಗೂ ಜಾಗ ಬಿಡಿ.